ರೋಮ್‌ನಿಂದ ಒಂದೇ ದಿನಕ್ಕೆ ಒರ್ವಿಯೆತೊ: ಕಾರಿಲ್ಲದೆ, ಅಪ್ಪ-ಅಮ್ಮನ ಜೊತೆ ಆಗುತ್ತಾ?

ಹೊಸಹಾದಿ
ಎಲ್ರಿಗೂ ನಮಸ್ಕಾರ. ಏಪ್ರಿಲ್ ಕೊನೆಯಲ್ಲಿ ಅಪ್ಪ-ಅಮ್ಮನ್ನ ಕರ್ಕೊಂಡು ರೋಮ್‌ಗೆ ಹೋಗ್ತಿದೀವಿ. ಒಂದು ದಿನ ಬೆಟ್ಟದ ಮೇಲಿರೋ ಹಳೇ ಊರು ನೋಡ್ಬೇಕು ಅಂತ ಆಸೆ. ಬೆಳಗ್ಗೆ ರೈಲಲ್ಲಿ ಒರ್ವಿಯೆತೊ, ಮಧ್ಯಾಹ್ನ ಅಲ್ಲಿಂದ ಬಸ್ಸಲ್ಲಿ ಚಿವಿತಾ ದಿ ಬಾನ್ಯೊರೆಜೊ, ರಾತ್ರಿ ವಾಪಸ್ ರೋಮ್. ಇದು ನನ್ನ ಲೆಕ್ಕ. ಕಾರ್ ಇರಲ್ಲ. ಅಪ್ಪ ಚೆನ್ನಾಗಿ ನಡೀತಾರೆ. ಅಮ್ಮನಿಗೆ ಮಂಡಿನೋವು, ಸಮ ನೆಲದಲ್ಲಿ ತೊಂದ್ರೆ ಇಲ್ಲ, ಮೆಟ್ಟಿಲು ಇಳಿಯೋದು ಕಷ್ಟ. ಇಬ್ರೂ ಶುದ್ಧ ಸಸ್ಯಾಹಾರಿ, ಮೊಟ್ಟೇನೂ ಮುಟ್ಟಲ್ಲ. ಈ ಲೆಕ್ಕ ಸರಿ ಇದೆಯಾ?

ರೈಲುಪ್ರೇಮಿ
ಒರ್ವಿಯೆತೊ ಆಯ್ಕೆ ಸರಿಯಾಗಿದೆ. ಬೆಟ್ಟದ ಊರುಗಳಲ್ಲಿ ರೈಲು ಇಳಿದ ತಕ್ಷಣ ಎದುರಿಗೇ ಮೇಲಕ್ಕೆ ಹೋಗೋ ಗಾಡಿ ಸಿಗೋದು ಅಪರೂಪ. ಚಿವಿತಾ ಸೇರಿಸ್ಬೇಡಿ, ಅದರ ವಿಷಯ ಬೇರೆಯವರು ಹೇಳ್ತಾರೆ. ನಾನು ರೈಲಿನದ್ದು ಹೇಳ್ತೀನಿ.

ರೋಮ್‌ನ ಮುಖ್ಯ ನಿಲ್ದಾಣ ತೆರ್ಮಿನಿಯಿಂದ ಪ್ರಾದೇಶಿಕ ವೇಗದ ರೈಲು (ರೆಜೊನಾಲೆ ವೆಲೋಚೆ ಅಂತ ಬರೆದಿರ್ತಾರೆ) ಹೆಚ್ಚುಕಮ್ಮಿ ಒಂದೂಕಾಲು ಗಂಟೆಯಲ್ಲಿ ತಲುಪಿಸುತ್ತೆ. ಇದಕ್ಕೆ ಸೀಟ್ ಕಾಯ್ದಿರಿಸೋದಿಲ್ಲ, ಮೊದಲೇ ತಗೊಂಡ್ರೂ ಅದೇ ದರ, ಅವತ್ತೇ ತಗೊಂಡ್ರೂ ಅದೇ ದರ. ಇಂಟರ್‌ಸಿಟಿ ರೈಲೂ ಅಲ್ಲಿ ನಿಲ್ಲುತ್ತೆ, ಆದ್ರೆ ಆ ಟಿಕೆಟ್ ಅದೊಂದೇ ರೈಲಿಗೆ. ವಾಪಸ್ ಬರೋಕಂತೂ ಪ್ರಾದೇಶಿಕ ರೈಲೇ ಒಳ್ಳೇದು, ಒಂದು ತಪ್ಪಿದ್ರೆ ಮುಂದಿನದು ಹತ್ತಬಹುದು.

ಜನ ಎಡವೋದು ಮೂರು ಕಡೆ. ನಿಲ್ದಾಣದ ಫಲಕದಲ್ಲಿ ಒರ್ವಿಯೆತೊ ಅಂತ ದೊಡ್ಡದಾಗಿ ಇರಲ್ಲ, ರೈಲಿನ ಕೊನೇ ಊರು ಮಾತ್ರ ಇರುತ್ತೆ, ಸಾಮಾನ್ಯವಾಗಿ ಫಿರೆಂಜೆ (ಅಂದ್ರೆ ಫ್ಲಾರೆನ್ಸ್). ಟಿಕೆಟ್ ಮೇಲಿನ ರೈಲು ಸಂಖ್ಯೆ ನೋಡಿ ಹೊಂದಿಸ್ಕೊಳ್ಳಿ. ಎರಡು, ಈ ರೈಲುಗಳಿಗೆ ಹಲವು ಸಲ 1 ಎಸ್ಟ್, 2 ಎಸ್ಟ್ ಅನ್ನೋ ಪ್ಲಾಟ್‌ಫಾರ್ಮ್ ಕೊಡ್ತಾರೆ. ಅದು ಮುಖ್ಯ ದ್ವಾರದ ಹತ್ರ ಇಲ್ಲ, ಪಕ್ಕದ ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೀಬೇಕು. ಅಮ್ಮನ ನಡಿಗೆಗೆ ಕಾಲು ಗಂಟೆ ಇಟ್ಕೊಳ್ಳಿ. ಮೂರು, ಕಾಗದದ ಟಿಕೆಟ್ ಆದ್ರೆ ಹತ್ತೋ ಮುಂಚೆ ಯಂತ್ರಕ್ಕೆ ತೂರಿಸಿ ದಿನಾಂಕ-ಸಮಯ ಒತ್ತಿಸ್ಬೇಕು. ಮೊಬೈಲಿನಲ್ಲಿ ತಗೊಂಡಿದ್ರೆ ಹತ್ತೋ ಮೊದಲು ಚೆಕ್-ಇನ್ ಮಾಡ್ಬೇಕು. ಇಲ್ದಿದ್ರೆ ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ರೂ ದಂಡ ಬೀಳುತ್ತೆ.

ಗುಮ್ಮಟದೂರು
ಮುಷ್ಕರದ್ದೂ ನೋಡ್ಕೋರಿ. ಅಲ್ಲಿ ರೈಲ್ವೆ ಮುಷ್ಕರ ಮೊದಲೇ ದಿನಾಂಕ ಹೇಳಿ ಮಾಡ್ತಾರ. ವಾರದ ದಿನ ಆದ್ರ ಮುಂಜಾನಿ 6ರಿಂದ 9, ಸಂಜಿ 18ರಿಂದ 21ರ ತನಕ ಪ್ರಾದೇಶಿಕ ರೈಲು ಒಂದಿಷ್ಟು ಓಡಿಸಲೇಬೇಕಂತ ನಿಯಮ ಅದ. ಆ ಹೊತ್ತಿನಾಗ ಹೋಗಿ ಬರೂ ಹಂಗ ಹೊಂದಿಸಿದ್ರ ಮುಷ್ಕರದ ದಿನಾನೂ ಸಿಕ್ಕಿ ಬೀಳೂದಿಲ್ಲ.

ಪಡುಗಾಳಿ
ಚಿವಿತಾ ಬಗ್ಗೆ ಹೇಳ್ತೇನೆ. ಆ ಊರು ಒರ್ವಿಯೆತೊ ಇರುವ ಉಂಬ್ರಿಯಾ ಪ್ರಾಂತ್ಯದಲ್ಲಿ ಇಲ್ಲ, ಪಕ್ಕದ ಲಾತ್ಸಿಯೊದಲ್ಲಿ ಉಂಟು. ಬಸ್ಸೂ ಆ ಪ್ರಾಂತ್ಯದ ಕೊತ್ರಾಲ್ ಸಂಸ್ಥೆಯದ್ದು. ಒರ್ವಿಯೆತೊದಿಂದ ಬಾನ್ಯೊರೆಜೊಗೆ ಮುಕ್ಕಾಲು ಗಂಟೆಯ ದಾರಿ, ಆದರೆ ದಿನಕ್ಕೆ ಬೆರಳೆಣಿಕೆಯ ಬಸ್ಸು. ಭಾನುವಾರ, ಹಬ್ಬದ ರಜೆಗೆ ಇಲ್ಲವೇ ಇಲ್ಲ. ವೇಳಾಪಟ್ಟಿಯಲ್ಲಿ ಫೆರಿಯಾಲೆ ಅಂತ ಇದ್ದರೆ ಸೋಮವಾರದಿಂದ ಶನಿವಾರ, ಫೆಸ್ತಿವೊ ಅಂದರೆ ಭಾನುವಾರ ಮತ್ತು ರಜೆ, ಸ್ಕೊಲಾಸ್ತಿಕೊ ಅಂದರೆ ಶಾಲೆ ಇರುವ ದಿನ ಮಾತ್ರ. ಹೆಚ್ಚಿನವರು ಆ ಮೂರನೆಯದ್ದನ್ನು ಗಮನಿಸುವುದಿಲ್ಲ, ರಜೆ ವಾರದಲ್ಲಿ ಬಾರದ ಬಸ್ಸಿಗೆ ಕಾಯ್ತಾರೆ.

ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಸ್ಸು ನಿಲ್ಲುವುದು ಬಾನ್ಯೊರೆಜೊದ ಒಂದು ತುದಿಯಲ್ಲಿ, ಚಿವಿತಾ ಇರುವುದು ಇನ್ನೊಂದು ತುದಿಯ ಆಚೆ. ಊರು ದಾಟಿ ಸೇತುವೆ ಬುಡಕ್ಕೆ ಹೋಗಬೇಕು. ಕಾಲ್ಸೇತುವೆ ಸುಮಾರು 300 ಮೀಟರ್, 1965ರಲ್ಲಿ ಕಟ್ಟಿದ್ದು, ಕೊನೆಯ ಭಾಗ ಒಳ್ಳೆ ಕಡಿದಾದ ಏರು. ಬರುವಾಗ ಅದೇ ಇಳಿಜಾರು ಅಮ್ಮನ ಮಂಡಿಗೆ. ಪ್ರವೇಶಕ್ಕೆ ಹಣ ಬೇರೆ, 2013ರಲ್ಲಿ ಒಂದೂವರೆ ಯೂರೋದಿಂದ ಶುರುವಾದದ್ದು ಈಗ 5 ಯೂರೋ. ಎಲ್ಲ ಸೇರಿ ಅರ್ಧ ದಿನಕ್ಕಿಂತ ಹೆಚ್ಚು ಹೋಗ್ತದೆ, ಅಲ್ಲಿ ನಿಂತು ನೋಡಲು ಸಿಗುವುದು ಗಂಟೆ ಹೊತ್ತು.

ಸಂತೆಪೇಟೆ
ನಾನು ಒಪ್ಪಲ್ಲ. ಚಿವಿತಾ ನೋಡದೆ ಬರೋದು ಅಂದ್ರೆ ಏನು? ಸುತ್ತ ಕಣಿವೆ, ನಡುವೆ ಒಂದೇ ಬಂಡೆ, ಅದರ ಮೇಲೆ ಊರು. ಒರ್ವಿಯೆತೊದಲ್ಲಿ ಚರ್ಚ್ ಬಿಟ್ರೆ ಏನಿದೆ?

ಪಡುಗಾಳಿ
@ಸಂತೆಪೇಟೆ ಚಂದ ಇಲ್ಲ ಅಂತ ನಾನು ಹೇಳಲಿಲ್ಲವಲ್ಲ ಮಾರಾಯ್ರೆ. ರಾತ್ರಿ ಒರ್ವಿಯೆತೊದಲ್ಲೇ ಉಳಿಯುವುದಾದರೆ ಮರುದಿನ ಬೆಳಗ್ಗಿನ ಬಸ್ಸಿಗೆ ಹೋಗಿ ಬರಲಿ. ರೋಮ್‌ನಿಂದ ಹೋಗಿ ಅದೇ ದಿನ ಎರಡೂ ಅಂದರೆ ಇಡೀ ದಿನ ವಾಚು ನೋಡಿಕೊಂಡೇ ಇರಬೇಕು.

ಶಿಲಾಬಾಲಿಕೆ
"ಚರ್ಚ್ ಬಿಟ್ರೆ ಏನಿದೆ" ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಆ ಚರ್ಚನ್ನೇ ಸರಿಯಾಗಿ ನೋಡೋಕೆ ಎರಡು ಗಂಟೆ ಬೇಕು.

ಶುರುವಾದದ್ದು 1290. ಮೈಯೆಲ್ಲ ಬಿಳಿ ಟ್ರಾವರ್ಟೈನ್ ಮತ್ತು ಕಪ್ಪು ಬಸಾಲ್ಟ್ ಕಲ್ಲಿನ ಪಟ್ಟೆ. ಮುಂಭಾಗ 1310ರಿಂದ ಶಿಲ್ಪಿ ಲೊರೆಂಜೊ ಮೈತಾನಿ ಕೈಗೆ ಬಂತು. ಎಲ್ಲರೂ ಮೇಲಿನ ಚಿನ್ನದ ಬಣ್ಣದ ಮೊಸಾಯಿಕ್ ನೋಡಿ ಫೋಟೋ ತೆಗೆದು ಒಳಗೆ ಹೋಗ್ತಾರೆ. ದಯವಿಟ್ಟು ಕಣ್ಣಿನ ಮಟ್ಟದಲ್ಲಿರೋ ನಾಲ್ಕು ಅಗಲವಾದ ಕಂಬಗಳ ಉಬ್ಬುಶಿಲ್ಪ ನೋಡಿ. ಎಡದಿಂದ ಬಲಕ್ಕೆ ಓದ್ಕೊಂಡು ಹೋಗ್ಬೇಕು, ಎಡ ತುದಿಯಲ್ಲಿ ಸೃಷ್ಟಿ, ಬಲ ತುದಿಯಲ್ಲಿ ಅಂತಿಮ ತೀರ್ಪು. ಎಡಗಂಬದಲ್ಲಿ ಮಲಗಿರೋ ಆದಾಮನ ಪಕ್ಕೆಗೆ ದೇವರು ಬಾಗಿ ಕೈ ಹಾಕಿ ಪಕ್ಕೆಲುಬು ತೆಗೀತಿದ್ದಾನೆ. ಆ ಮೈಯ ಸಡಿಲ, ನಿದ್ದೆಯ ಭಾರ, ಕಲ್ಲಲ್ಲಿ ಅಷ್ಟು ತೆಳುವಾಗಿ ಬಂದಿರೋದು ಹತ್ರ ನಿಂತ್ರೆ ಮಾತ್ರ ಗೊತ್ತಾಗುತ್ತೆ. ದೃಶ್ಯ-ದೃಶ್ಯದ ನಡುವೆ ಗೆರೆ ಎಳೆದಿಲ್ಲ, ಬುಡದಿಂದ ಹಬ್ಬಿದ ಬಳ್ಳಿಯ ಕವಲುಗಳೇ ಚೌಕಟ್ಟು.

ಒಳಗೆ ಬಲಗಡೆ ಸಾನ್ ಬ್ರಿಜಿಯೊ ಚಾಪೆಲ್. ಚಿತ್ರಕಾರ ಫ್ರಾ ಆಂಜೆಲಿಕೊ 1447ರಲ್ಲಿ ಚಾವಣಿಯ ಸ್ವಲ್ಪ ಭಾಗಕ್ಕೆ ಚಿತ್ರ ಬರೆದು ಅರ್ಧಕ್ಕೇ ನಿಲ್ಲಿಸಿದ. ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಮುಗಿಸಿದ. ಸತ್ತವರು ನೆಲ ಸೀಳಿ ಎದ್ದು ಬರೋದು, ನರಕದಲ್ಲಿ ಹಸಿರು-ನೇರಳೆ ಮೈಯ ದೆವ್ವಗಳು. ಕ್ರಿಸ್ತವಿರೋಧಿಯ ಚಿತ್ರದ ಎಡ ಕೆಳಮೂಲೆಯಲ್ಲಿ ಕಪ್ಪು ಬಟ್ಟೆ ಹಾಕ್ಕೊಂಡು ಇಬ್ಬರು ನಿಂತಿದ್ದಾರೆ, ಒಬ್ಬ ಸಿನ್ಯೊರೆಲ್ಲಿ, ಹಿಂದಿರೋದು ಫ್ರಾ ಆಂಜೆಲಿಕೊ. ಮಿಕೆಲಾಂಜೆಲೊ ಸಿಸ್ಟೈನ್ ಚಾಪೆಲ್‌ನ ತನ್ನ ಅಂತಿಮ ತೀರ್ಪಿನ ಚಿತ್ರಕ್ಕೆ ಇಲ್ಲಿಂದ ತಗೊಂಡ ಅಂತ, ಆ ಕಾಲದ ಕಲಾವಿದರ ಚರಿತ್ರೆ ಬರೆದ ವಸಾರಿಯೇ ಹೇಳಿದ್ದಾನೆ. ರೋಮ್‌ನಲ್ಲಿ ಸಿಸ್ಟೈನ್ ಚಾಪೆಲ್ ನೋಡೋರು ಇದನ್ನ ಮೊದಲು ನೋಡಿದ್ರೆ ಎರಡೂ ಚೆನ್ನಾಗಿ ಅರ್ಥ ಆಗುತ್ತೆ.

ಭುಜ, ಮಂಡಿ ಮುಚ್ಚೋ ಬಟ್ಟೆ ಇರಲಿ. ಟಿಕೆಟ್ ಚರ್ಚಿನ ಎದುರು ಕಚೇರಿಯಲ್ಲಿ, ಬಾಗಿಲ ಹತ್ರ ಸಾಲಲ್ಲಿ ನಿಂತು ಆಮೇಲೆ ವಾಪಸ್ ಬರ್ಬೇಡಿ.

ರೈಲುಪ್ರೇಮಿ
ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುತ್ತೆ, ಪ್ರವಾಸಿಗರನ್ನ ಮಧ್ಯಾಹ್ನದ ಮೇಲೇ ಬಿಡೋದು. ಅದನ್ನೂ ಸೇರಿಸ್ಕೊಳ್ಳಿ.

ಶಿಲಾಬಾಲಿಕೆ
ಹೌದು. ಮುಂಭಾಗ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ನೆರಳು, ನಾಲ್ಕು ಗಂಟೆ ಮೇಲೆ ಬಿಸಿಲು ನೇರ ಬೀಳುತ್ತೆ. ಏಪ್ರಿಲ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದು ಎಂಟರ ಹೊತ್ತಿಗೆ. ಅದಕ್ಕೇ ಬೆಳಗ್ಗೆ ಒಳಗೆ, ಸಂಜೆ ಹೊರಗೆ ಅಂತ ಎರಡು ಸಲ ಹೋಗಿ. ಹೊರಗೆ ನೋಡೋಕೆ ಟಿಕೆಟ್ ಇಲ್ಲ.

ಹೊಸಹಾದಿ
ಎಲ್ಲರಿಗೂ ಥ್ಯಾಂಕ್ಸ್. ಸಾನ್ ಪಾತ್ರಿಜಿಯೊ ಬಾವಿ ಬಗ್ಗೆ ಓದಿದೆ, ಅಪ್ಪನಿಗೆ ತುಂಬಾ ಆಸೆ. ಅಮ್ಮ ಇಳೀಬಹುದಾ? ಮತ್ತೆ ನಿಲ್ದಾಣದಿಂದ ಮೇಲಕ್ಕೆ ಹೋಗೋದು ಹೇಗೆ?

ಕಲ್ಲುಚಪ್ಪಡಿ
ಮೇಲಕ್ಕೆ ಹೋಗೋದು ಸುಲಭ. ನಿಲ್ದಾಣದ ಎದುರಿನ ರಸ್ತೆ ದಾಟಿದ್ರೆ ಫ್ಯುನಿಕ್ಯುಲರ್, ಅಂದ್ರೆ ಹಗ್ಗ ಎಳೆಯೋ ಇಳಿಜಾರು ರೈಲು. ಹತ್ತು-ಹದಿನೈದು ನಿಮಿಷಕ್ಕೊಂದು, ಎರಡು ಮೂರು ನಿಮಿಷದ ಪ್ರಯಾಣ, ದರ ಎರಡು ಯೂರೋ ಒಳಗೆ. ಒಂದು ಗಾಡಿ ಹತ್ತುವಾಗ ಇನ್ನೊಂದು ಇಳಿಯುತ್ತೆ, ನಡುವೆ ಹಳಿ ಕವಲೊಡೆದು ಎರಡೂ ಪಕ್ಕಪಕ್ಕ ದಾಟ್ತವೆ. 1888ರಲ್ಲಿ ಅದೋಲ್ಫೊ ಕೊಜ್ಜಾ ಕಟ್ಟಿದಾಗ ಅದಕ್ಕೆ ಎಂಜಿನ್ನೇ ಇರಲಿಲ್ಲ, ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿಸಿದ್ರೆ ಆ ಭಾರಕ್ಕೆ ಅದು ಕೆಳಗೆ ಬಂದು ಕೆಳಗಿನದ್ದನ್ನ ಮೇಲೆ ಎಳೀತಿತ್ತು. 1970ರಲ್ಲಿ ನಿಂತು, 1990ರಲ್ಲಿ ವಿದ್ಯುತ್ ಹಾಕಿ ಮತ್ತೆ ಶುರು ಮಾಡಿದ್ರು. ಮೇಲೆ ಇಳಿಯೋದು ಪಿಯಾತ್ಸಾ ಕಾಹೆನ್. ಅಲ್ಲಿಂದ ಚರ್ಚಿಗೆ ಅದೇ ಟಿಕೆಟ್‌ನಲ್ಲಿ ಮಿನಿಬಸ್ ಇದೆ. ಅಮ್ಮನ್ನ ನಡೆಸಬೇಡಿ, ಕೊರ್ಸೊ ಕಾವೂರ್ ಬೀದಿ ನೋಡೋಕೆ ಸಮ ಅನ್ನಿಸಿದ್ರೂ ಉದ್ದಕ್ಕೂ ಏರು.

ಬಾವಿ ಇರೋದು ಆ ಪಿಯಾತ್ಸಾ ಪಕ್ಕದಲ್ಲೇ. 1527ರಲ್ಲಿ ರೋಮ್ ಲೂಟಿ ಆದಾಗ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸ್ಕೊಂಡು ಇಲ್ಲಿಗೆ ಬಂದ. ಮುತ್ತಿಗೆ ಬಿದ್ರೆ ನೀರಿಗೆ ಏನು ಮಾಡೋದು ಅಂತ ವಾಸ್ತುಶಿಲ್ಪಿ ಆಂತೋನಿಯೊ ದ ಸಾಂಗಾಲ್ಲೊಗೆ ಕೆಲಸ ಒಪ್ಪಿಸಿದ. 1537ಕ್ಕೆ ಮುಗೀತು. ಆಳ ಸುಮಾರು 53 ಮೀಟರ್, ಅಗಲ 13. ಒಂದರ ಮೇಲೊಂದು ಸುತ್ತಿಕೊಂಡ ಎರಡು ಮೆಟ್ಟಿಲ ಸಾಲು, ಒಂದಕ್ಕೊಂದು ಎಲ್ಲೂ ಕೂಡಲ್ಲ. ಹೇಸರಗತ್ತೆ ಖಾಲಿ ಕೊಡ ಹೊತ್ತು ಒಂದರಲ್ಲಿ ಇಳಿದು, ತಳದ ಪುಟ್ಟ ಸೇತುವೆ ದಾಟಿ, ತುಂಬಿದ ಕೊಡದ ಜೊತೆ ಇನ್ನೊಂದರಲ್ಲಿ ಹತ್ತಬೇಕು, ಎದುರುಬದುರು ಸಿಕ್ಕಿ ದಾರಿ ಕಟ್ಟಬಾರದು. ಎಪ್ಪತ್ತರಷ್ಟು ಕಿಟಕಿಗಳಿಂದ ನಡುವಿನ ಬೆಳಕು ಮೆಟ್ಟಿಲಿಗೆ ಬೀಳುತ್ತೆ.

ಪ್ರತಿ ಸಾಲಿಗೆ 248 ಮೆಟ್ಟಿಲು. ಅಂದ್ರೆ 248 ಇಳಿದು 248 ಹತ್ತಬೇಕು. ಪ್ರಾಣಿಗಳಿಗೆ ಅಂತ ಮಾಡಿದ್ದಕ್ಕೆ ಎತ್ತರ ಕಮ್ಮಿ, ಅಗಲ ಜಾಸ್ತಿ, ತೇವಕ್ಕೆ ಜಾರುತ್ತೆ. ಲಿಫ್ಟ್ ಇಲ್ಲ. ಅಮ್ಮ ಬೇಡ. ಅಪ್ಪ ಒಬ್ಬರೇ ಹೋಗಿ ಬರಲಿ, ಒಂದು ಸ್ವೆಟರ್ ಹಾಕ್ಕೊಳ್ಳಲಿ. ಅಷ್ಟು ಹೊತ್ತು ಅಮ್ಮ ಪಕ್ಕದ ಅಲ್ಬೊರ್ನೊಜ್ ಕೋಟೆಯ ತೋಟದಲ್ಲಿ ಕೂರಬಹುದು, ನೆರಳಿದೆ, ಪಾಲ್ಯಾ ನದಿ ಕಣಿವೆ ಪೂರ್ತಿ ಕಾಣುತ್ತೆ.

ಸಂತೆಪೇಟೆ
248 ಅಂದ್ರೆ ಜಾಸ್ತಿ ಏನಲ್ಲ, ನಿಧಾನಕ್ಕೆ ಇಳಿದ್ರೆ ಆಯ್ತು.

ಕಲ್ಲುಚಪ್ಪಡಿ
ಮಂಡಿನೋವು ಇರೋರಿಗೆ ಇಳಿಯೋದೇ ಕಷ್ಟ, ಅವರೇ ಹೇಳಿದ್ದಾರೆ. ನಡುವೆ ಸಾಕಾಯ್ತು ಅಂದ್ರೆ ತಿರುಗೋ ಹಾಗಿಲ್ಲ, ಇಳಿಯೋ ದಾರಿಯಲ್ಲಿ ಹಿಂದಿನಿಂದ ಜನ ಬರ್ತಾನೇ ಇರ್ತಾರೆ. ಅಮ್ಮನಿಗೂ ನೆಲದಡಿಯದ್ದು ತೋರಿಸ್ಲೇಬೇಕು ಅಂದ್ರೆ ಚರ್ಚಿನ ಚೌಕದಿಂದ ಹೊರಡೋ ಒರ್ವಿಯೆತೊ ಅಂಡರ್‌ಗ್ರೌಂಡ್ ಪ್ರವಾಸ ಕೇಳಿ ನೋಡಿ. ಗೈಡ್ ಜೊತೆ ಗುಂಪಾಗಿ ಹೋಗೋದು, ಸುಮಾರು ಒಂದು ಗಂಟೆ. ಅಲ್ಲೂ ಮೆಟ್ಟಿಲಿದೆ, ಒಂದು ಕಡೆ ಇಕ್ಕಟ್ಟು, ಆದ್ರೆ ಬಾವಿಯಷ್ಟು ಅಲ್ಲ. ಊರಿನ ಕೆಳಗೆ 1,200ಕ್ಕೂ ಹೆಚ್ಚು ಗುಹೆ ಲೆಕ್ಕ ಹಾಕಿದ್ದಾರೆ: ಎಣ್ಣೆ ಗಾಣ, ದ್ರಾಕ್ಷಾರಸದ ಉಗ್ರಾಣ, ಎಟ್ರುಸ್ಕನ್ನರ (ರೋಮನ್ನರಿಗಿಂತ ಮೊದಲು ಅಲ್ಲಿದ್ದ ಜನ) ಕಾಲದ ಬಾವಿ. ಗೋಡೆ ತುಂಬ ಚೌಕ ಚೌಕ ಗೂಡು ಕೊರೆದಿರೋದು ಪಾರಿವಾಳಕ್ಕೆ. ಬಂಡೆ ಅಂಚಿನ ಕಿಂಡಿಯಿಂದ ಅವು ಹೊರಗೆ ಹಾರಿ ಹೊಲದಲ್ಲಿ ಮೇಯ್ದು ಬರ್ತಿದ್ವು, ಮನೆಯವರಿಗೆ ಮಾಂಸ ಸಾಕದೇ ಸಿಗ್ತಿತ್ತು.

ಗುಮ್ಮಟದೂರು
ಊರ ಕೆಳಗ ಅಷ್ಟು ತೂತು ಕೊರದ್ರ ಬಂಡೆಗಲ್ಲು ಕುಸಿಯೂದಿಲ್ಲೇನ್ರಿ?

ಕಲ್ಲುಚಪ್ಪಡಿ
ಒಳ್ಳೇ ಪ್ರಶ್ನೆ. ಕುಸಿತಕ್ಕೆ ಮುಖ್ಯ ಕಾರಣ ಗುಹೆ ಅಲ್ಲ, ನೀರು. ಮೇಲಿರೋದು ಟಫ್, ಜ್ವಾಲಾಮುಖಿ ಬೂದಿ ಗಟ್ಟಿಯಾದ ಮೆತ್ತನೆ ಕಲ್ಲು. ಅದರ ಕೆಳಗೆ ಜೇಡಿ. ಮೇಲಿಂದ ಇಂಗಿದ ನೀರು ಟಫ್‌ನ ಬಿರುಕಲ್ಲಿ ಇಳಿದು ಜೇಡಿಗೆ ಬಂದು ನಿಲ್ಲುತ್ತೆ. ಜೇಡಿ ಮೆತ್ತಗಾಗಿ ಜಾರಿದಾಗ ಮೇಲಿನ ಕಲ್ಲಿನ ಅಂಚಿಗೆ ಆಸರೆ ತಪ್ಪಿ, ಚಪ್ಪಡಿ ಚಪ್ಪಡಿಯಾಗಿ ಬೀಳುತ್ತೆ. ಊರಿಗೆ ನಲ್ಲಿ ನೀರು ಬಂದು ಹಳೇ ಕೊಳವೆ, ಚರಂಡಿ ಸೋರೋಕೆ ಶುರುವಾದ ಮೇಲೆ ಇಂಗೋ ನೀರು ಜಾಸ್ತಿ ಆಯ್ತು. ಎಪ್ಪತ್ತರ ದಶಕದಲ್ಲಿ ಅಂಚು ಕುಸಿದಾಗ 1978ರಲ್ಲಿ ಒರ್ವಿಯೆತೊ ಮತ್ತು ಉಂಬ್ರಿಯಾದ ಇನ್ನೊಂದು ಬೆಟ್ಟದೂರು ತೋದಿ ಎರಡಕ್ಕೂ ವಿಶೇಷ ಕಾನೂನೇ ತಂದ್ರು. ಬಂಡೆಗೆ ಉಕ್ಕಿನ ಸರಳು ತೂರಿಸಿ ಬಿಗಿದ್ರು, ಒಳಚರಂಡಿ ಹೊಸದಾಗಿ ಹಾಕಿದ್ರು.

ಚಿವಿತಾದ್ದೂ ಇದೇ ರಚನೆ, ಅಲ್ಲಿ ಬಂಡೆ ಬಹಳ ಸಣ್ಣದು, ಸುತ್ತಲಿನ ಜೇಡಿಯನ್ನ ತೊರೆಗಳು ಕೊರೆದು ಹಾಕಿವೆ. 1695ರ ಭೂಕಂಪ ಆದ್ಮೇಲೆ ಜನ ಬಿಟ್ಟು ಹೋಗೋಕೆ ಶುರು ಮಾಡಿದ್ರು. ಈಗ ವರ್ಷವಿಡೀ ಇರೋರು ಹತ್ತು ಹದಿನೈದು ಜನ. ಎರಡೂ ಊರು ನೋಡೋಕೆ ಹೋಗೋರು ಈ ಒಂದು ವಿಷಯ ತಿಳ್ಕೊಂಡು ಹೋದ್ರೆ ಕಣ್ಣಿಗೆ ಬೇರೇನೇ ಕಾಣುತ್ತೆ.

ಹುಳಿತೊವ್ವೆ
ಊಟದ ವಿಷಯಕ್ಕೆ ಬರ್ತೀನಿ, ಹಿರಿಯರ ಜೊತೆ ಹೋದ್ರೆ ಇಡೀ ದಿನ ನಿಂತಿರೋದು ಇದರ ಮೇಲೇ.

ಮೊದಲು ಸಮಯ. ಅಡುಗೆಮನೆ ಹನ್ನೆರಡೂವರೆಗೆ ತೆಗೆದು ಎರಡೂವರೆಗೆ ಮುಚ್ಚುತ್ತೆ, ಮತ್ತೆ ಏಳೂವರೆ. ಮೂರು ಗಂಟೆಗೆ ಹಸಿವಾದ್ರೆ ಬಾರ್‌ನಲ್ಲಿ (ಅಲ್ಲಿ ಕಾಫಿ ಅಂಗಡಿಗೆ ಹಾಗಂತಾರೆ) ಬ್ರೆಡ್ಡೇ ಗತಿ. ಅಂಗಡಿಗಳೂ ಒಂದರಿಂದ ನಾಲ್ಕರವರೆಗೆ ಮುಚ್ಚಿರ್ತವೆ. ಒಂದು ಗಂಟೆ ಒಳಗೆ ಕೂತ್ಬಿಡಿ.

ಮೊಟ್ಟೆ ಬೇಡ ಅಂದ್ರೆ ತಾಲ್ಯತೆಲ್ಲೆ, ರವಿಯೋಲಿ ಬಿಡಿ, ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕಿ ಕಲಸ್ತಾರೆ. ಒರ್ವಿಯೆತೊದ ಊರ ಪಾಸ್ತಾ ಉಂಬ್ರಿಕೆಲ್ಲಿ. ಅದು ಹಿಟ್ಟು-ನೀರಿನದ್ದೇ, ಕೈಯಲ್ಲಿ ಹೊಸೆದ ದಪ್ಪ ಶಾವಿಗೆ. ಆದರೂ ಕೇಳಿ ಖಚಿತ ಮಾಡ್ಕೊಳ್ಳಿ. ಟೊಮೆಟೊ-ಬೆಳ್ಳುಳ್ಳಿ-ಒಣಮೆಣಸಿನ ಅರಾಬಿಯಾತಾ ಸಾಸ್ ಜೊತೆ ತಗೊಳ್ಳಿ, ಅಮ್ಮನ ನಾಲಿಗೆಗೂ ಖಾರ ಸಿಗುತ್ತೆ. ಮೇಲೆ ಚೀಸ್ ಬೇಡ ಅಂತ ಮೊದಲೇ ಹೇಳಿ. ಪಾರ್ಮಿಜಾನೊ ರೆಜ್ಜಾನೊ, ಪೆಕೊರಿನೊ ರೊಮಾನೊ ಎರಡಕ್ಕೂ ಹಾಲು ಒಡೆಸೋದು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಪದಾರ್ಥದಿಂದ, ನಿಯಮವೇ ಹಾಗಿದೆ. ಚೀಸ್ ಬೇಕೇ ಬೇಕು ಅಂದ್ರೆ ಕಾಲ್ಯೊ ವೆಜೆತಾಲೆ ಅಂತ ಬರೆದಿರೋದು ಸಸ್ಯಜನ್ಯ.

ಸೂಪ್ ನಂಬಬೇಡಿ. ಬೇಳೆ-ತರಕಾರಿ ಅಂತ ಬರೆದಿದ್ರೂ ಕುದಿಸೋ ನೀರು ಮಾಂಸದ ಸಾರಾಗಿರಬಹುದು, ಒಗ್ಗರಣೆಗೆ ಹಂದಿಕೊಬ್ಬು ಬಿದ್ದಿರಬಹುದು. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಬ್ರೋದೊ, ಸೆನ್ಸಾ ಉವೋವಾ (uova)" ಅಂತ ಚೀಟಿ ಬರೆದು ತೋರಿಸಿ: ಮಾಂಸ, ಮೀನು, ಮಾಂಸದ ಸಾರು, ಮೊಟ್ಟೆ ಇಲ್ಲದೆ. ಮೀನು ಬೇಡ ಅಂತ ಬೇರೆಯಾಗಿ ಹೇಳ್ಬೇಕು, ಎಷ್ಟೋ ಸಾಸ್‌ಗೆ ಸಣ್ಣ ಮೀನು ಅರೆದು ಹಾಕ್ತಾರೆ. ಪಕ್ಕದ ಪದಾರ್ಥ ಅಂತ ಇರೋ ಪಟ್ಟಿಯಲ್ಲಿ ಬೆಳ್ಳುಳ್ಳಿ-ಎಣ್ಣೆಯಲ್ಲಿ ಬಾಡಿಸಿದ ಚಿಕೋರಿ ಸೊಪ್ಪು, ಕಾಳು, ಸುಟ್ಟ ಬದನೆಕಾಯಿ ಸಿಗುತ್ತೆ.

ಬ್ರೆಡ್ಡಿಗೆ ಉಪ್ಪು ಇರಲ್ಲ, ಉಂಬ್ರಿಯಾದಲ್ಲಿ ಅದೇ ಪದ್ಧತಿ. ಹಾಳಾಗಿದೆ ಅಂತ ವಾಪಸ್ ಕೊಡ್ಬೇಡಿ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು-ಮೂರು ಯೂರೋ ಸೇರಿಸ್ತಾರೆ, ಅದು ಮೋಸ ಅಲ್ಲ, ಕೂತು ತಿನ್ನೋದಕ್ಕೆ.

ಪಡುಗಾಳಿ
ಚೀಟಿ ಒಳ್ಳೆ ಉಪಾಯ. ತೋರ್ತಾ ಅಲ್ ತೆಸ್ತೊ ಅಂತ ಅಲ್ಲಿಯ ದಪ್ಪ ರೊಟ್ಟಿ ಉಂಟಲ್ಲ, ಅದರೊಳಗೆ ಸೊಪ್ಪು ಇಟ್ಟು ಕೊಡ್ತಾರೆ. ಅದು ಆಗಬಹುದಾ?

ಹುಳಿತೊವ್ವೆ
ಸೊಪ್ಪು ಸರಿ. ಹಿಟ್ಟು ಕಲಸುವಾಗ ಕೆಲವರು ಸ್ತ್ರುತ್ತೊ, ಅಂದ್ರೆ ಹಂದಿಕೊಬ್ಬು ಹಾಕ್ತಾರೆ. ಕೇಳದೆ ತಿನ್ಬೇಡಿ.

ನೆರಳುಮರ
ಒರ್ವಿಯೆತೊ ಯಾಕೆ, ಸಾನ್ ಜಿಮಿನ್ಯಾನೊ ಹೋಗಬಹುದಲ್ಲ? ಗೋಪುರಗಳ ಊರು, ಅದೇ ನಿಜವಾದ ಮಧ್ಯಕಾಲದ ನೋಟ.

ರೈಲುಪ್ರೇಮಿ
ಫಿರೆಂಜೆಯಲ್ಲಿ ಇರೋರಿಗೆ ಅದು ಸರಿ. ಪೊಜ್ಜಿಬೊನ್ಸಿವರೆಗೆ ರೈಲು, ಅಲ್ಲಿಂದ ಬಸ್ಸು. ರೋಮ್‌ನಿಂದ ಒಂದು ದಿನಕ್ಕೆ ಆಗೋ ಮಾತಲ್ಲ.

ಶಿಲಾಬಾಲಿಕೆ
ಗೋಪುರ 72 ಇದ್ವು ಅಂತಾರೆ, ಉಳಿದಿರೋದು ಹದಿನಾಲ್ಕು. ಮನೆತನ-ಮನೆತನ ಪೈಪೋಟಿಗೆ ಬಿದ್ದು ಕಟ್ಟಿದ್ದು. 1348ರ ಪ್ಲೇಗ್ ಆದ್ಮೇಲೆ ಊರು ಬಡವಾಗಿ 1353ರಲ್ಲಿ ಫಿರೆಂಜೆಗೆ ಶರಣಾಯ್ತು. ಕೆಡವಿ ಹೊಸದು ಕಟ್ಟೋಕೆ ದುಡ್ಡಿರಲಿಲ್ಲ, ಹಾಗಾಗಿ ಉಳೀತು. ಒರ್ವಿಯೆತೊದಲ್ಲಿ ಎತ್ತರ ಬೇಕು ಅಂದ್ರೆ ತೋರ್ರೆ ದೆಲ್ ಮೋರೊ ಇದೆ, 47 ಮೀಟರ್, ನಡು ಊರಲ್ಲಿ ನಿಂತು ಇಡೀ ಬಂಡೆಯ ಅಂಚು ಕಾಣುತ್ತೆ. ಅಪ್ಪ ಬಾವಿ ಇಳಿದ ದಿನವೇ ಇದನ್ನೂ ಹತ್ತೋದು ಬೇಡ.

ಕಾರುಬಾರು
ಕಾರ್ ತಗೊಳ್ಳೋದು ವಾಸಿ ಅಲ್ವಾ? ಮೂರು ಜನ ಇದ್ದೀರ, ಎರಡೂ ಊರು ಆರಾಮಾಗಿ ಆಗುತ್ತೆ.

ಕಲ್ಲುಚಪ್ಪಡಿ
ಓಡಿಸೋರಿಗೆ ಆಗುತ್ತೆ, ನಿಜ. ಊರೊಳಗೆ ಮಾತ್ರ ನುಗ್ಗಬಾರದು. ಜೆಡ್‌ಟಿಎಲ್ ಫಲಕ ಕಂಡ್ರೆ ನಿವಾಸಿಗಳ ಗಾಡಿಗೆ ಮಾತ್ರ ಅಂತ ಅರ್ಥ. ಪೊಲೀಸ್ ಯಾರೂ ತಡೆಯಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತೆ, ತಿಂಗಳುಗಳ ನಂತರ ಮನೆಗೆ ದಂಡದ ಕಾಗದ ಬರುತ್ತೆ. ಬಾಡಿಗೆ ಕಂಪನಿ ವಿಳಾಸ ಕೊಟ್ಟಿದ್ದಕ್ಕೆ ಬೇರೆ ಶುಲ್ಕ ಹಾಕುತ್ತೆ. ಕಾಂಪೊ ದೆಲ್ಲಾ ಫಿಯೆರಾದಲ್ಲಿ ನಿಲ್ಲಿಸಿದ್ರೆ ಎಸ್ಕಲೇಟರ್, ಲಿಫ್ಟ್ ಎರಡೂ ಬಂಡೆಯೊಳಗಿಂದ ಮೇಲೆ ಊರಿಗೆ ಬಿಡ್ತವೆ. ಅಲ್ಲೇ ಪಕ್ಕದಲ್ಲಿ ಎಟ್ರುಸ್ಕನ್ನರ ದೊಡ್ಡ ದೇವಾಲಯದ ಜಾಗ ಅಂತ ಉತ್ಖನನ ನಡೀತಿದೆ.

ಹೊಸಹಾದಿ
ಕಾರ್ ಇಲ್ಲ, ಖಂಡಿತ. ಚಿವಿತಾ ಕೈಬಿಟ್ಟೆ. ಈಗಿನ ಲೆಕ್ಕ: ಬೆಳಗ್ಗೆ ಎಂಟರ ಸುಮಾರಿಗೆ ತೆರ್ಮಿನಿ ಬಿಡೋದು, ಫ್ಯುನಿಕ್ಯುಲರ್, ಇಳಿದ ತಕ್ಷಣ ಅಪ್ಪ ಬಾವಿಗೆ, ಅಮ್ಮ ತೋಟದಲ್ಲಿ. ಮಿನಿಬಸ್‌ನಲ್ಲಿ ಚರ್ಚ್, ಒಳಗೆ ನೋಡಿ ಒಂದು ಗಂಟೆಗೆ ಊಟ. ಆಮೇಲೆ ಅಂಡರ್‌ಗ್ರೌಂಡ್, ಐದರ ಮೇಲೆ ಚರ್ಚಿನ ಮುಂಭಾಗ, ಏಳರ ಸುಮಾರಿಗೆ ರೈಲು. ದಿನಾಂಕ ಏಪ್ರಿಲ್ 25 ಅಂತ ಇಟ್ಕೊಂಡಿದೀನಿ.

ಪಡುಗಾಳಿ
25 ಬೇಡವೇ ಬೇಡ! ಅದು ಇಟಲಿಯ ವಿಮೋಚನಾ ದಿನ, ರಾಷ್ಟ್ರೀಯ ರಜೆ. ರೋಮ್‌ನವರೂ ಅವತ್ತೇ ಬುಟ್ಟಿ ಕಟ್ಟಿಕೊಂಡು ಬೆಟ್ಟದ ಊರುಗಳಿಗೆ ಹೊರಡ್ತಾರೆ. ರಜೆಯ ವೇಳಾಪಟ್ಟಿಯಲ್ಲಿ ರೈಲು ಕಡಿಮೆ, ಸೀಟು ಸಿಗದೆ ಅಮ್ಮ ನಿಂತೇ ಬರಬೇಕಾದೀತು.

ರೈಲುಪ್ರೇಮಿ
ಪಡುಗಾಳಿ ಹೇಳಿದ್ದು ಸರಿ. ಪ್ರಾದೇಶಿಕ ರೈಲಲ್ಲಿ ಸೀಟ್ ಕಾಯ್ದಿರಿಸೋಕಾಗಲ್ಲ ಅನ್ನೋದು ಅವತ್ತೇ ಪೆಟ್ಟು ಕೊಡೋದು. ರಜೆಯ ಅಕ್ಕಪಕ್ಕದ ದಿನ ಬಿಟ್ಟು ಮಂಗಳವಾರ ಅಥವಾ ಬುಧವಾರ ಹಾಕ್ಕೊಳ್ಳಿ. ತೆರ್ಮಿನಿಯಿಂದಲೇ ಹತ್ತಿ, ಅದು ಹೊರಡೋ ನಿಲ್ದಾಣ. ಮುಂದಿನ ನಿಲ್ದಾಣ ತಿಬುರ್ತಿನಾಗೆ ಬರೋಷ್ಟರಲ್ಲಿ ಕಿಟಕಿ ಸೀಟು ತುಂಬಿರುತ್ತೆ.

ಹುಳಿತೊವ್ವೆ
ಊಟ ಒಂದಕ್ಕೆ ಅಂದ್ರೆ ಹನ್ನೆರಡೂಮುಕ್ಕಾಲಿಗೆ ಬಾಗಿಲಲ್ಲಿರಿ. ಅಥವಾ ಬೆಳಗ್ಗೆ ಚರ್ಚಿಗೆ ಹೋಗೋ ದಾರೀಲೇ ಒಂದು ಜಾಗ ನೋಡಿ ಚೀಟಿ ತೋರಿಸಿ ಮಾತಾಡಿ ಇಟ್ಬಿಡಿ. ಬೆಳಗ್ಗೆ ಅಡುಗೆಯವರಿಗೆ ಪುರುಸೊತ್ತಿರುತ್ತೆ, ಏನು ಮಾಡಿಕೊಡಬಹುದು ಅಂತ ಅವರೇ ಹೇಳ್ತಾರೆ.

ಹೊಸಹಾದಿ
ಸರಿ, ಬುಧವಾರಕ್ಕೆ ಬದಲಾಯಿಸಿದೆ. ಚೀಟಿ ಬರೆದು ಅಮ್ಮನ ಪರ್ಸಲ್ಲೂ ಒಂದು ಇಡ್ತೀನಿ.

ಗುಮ್ಮಟದೂರು
ಅಪ್ಪಾರಿಗೆ ಬಾವಿ ಟಿಕೆಟ್ ಇಳಿದ ಕೂಡಲೇ ತಗೋರಿ, ಹತ್ತರ ಮ್ಯಾಲೆ ಪ್ರವಾಸಿ ಬಸ್ಸು ಬಂದ್ರ ಮೆಟ್ಟಿಲ ತುಂಬ ಜನ ಆಗ್ತಾರ.